ಸತ್ತ ಕುದುರೆಗೂ ಬೆಲೆ ಕೊಟ್ಟ ಗಿರಾಕಿ

ಹಂಪಿಯ ವಿಠ್ಠಲ ದೇವಾಲಯದತ್ತ ಸಾಗುವ ದಾರಿಯಲ್ಲಿ ಕುದುರೆ ಗೊಂಬೆ ಮಂಟಪವೆಂಬ ಹಳೆಯ ಕಟ್ಟಡವೊಂದಿದೆ. ಮುಂದೆ ಹೋಗಿ ದೇವಾಲಯದ ಮಹಾಮಂಟಪದ ಅಧಿಷ್ಠಾನವನ್ನು ತುಸು ಬಗ್ಗಿ ನೋಡಿದರೆ ಕುದುರೆಗಳ ಸಾಲು ಹಾಗೂ ಅವುಗಳ ಪಕ್ಕದಲ್ಲಿ ಪರದೇಶದ ಉಡುಪು ತೊಟ್ಟವರ ಉಬ್ಬುಚಿತ್ರಗಳು ಕಾಣಸಿಗುತ್ತವೆ. ಪ್ರವಾಸಿಗಳು ಕಲ್ಲಿನ ರಥದ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರು ಮತ್ತು ಕೈ ತುಂಬಿಸಿಕೊಂಡವರು ಮಾತ್ರ ಈ ಸಾಲಿನ ಮುಂದೆ ಒಂದೆರಡು ನಿಮಿಷ ಹೆಚ್ಚಾಗಿ ನಿಲ್ಲಬೇಕು. ಏಕೆಂದರೆ ಕನ್ನಡ ನಾಡಿನ ನೆಲದಲ್ಲಿ ಅತ್ಯಂತ ಸಿರಿವಂತ ಗಿರಾಕಿಗೆ ಅತ್ಯಂತ ದುಬಾರಿ ಸರಕನ್ನು ಮಾರಿದವರು ಈ ಕಲ್ಲಿನಲ್ಲಿದ್ದಾರೆ.

1535ರಿಂದ 1537ರವರೆಗೆ ವಿಜಯನಗರದಲ್ಲಿದ್ದ ಫೆರ್ನಾವೊ ನ್ಯೂನಿಜ್ ಎಂಬ ಪೋರ್ಚುಗೀಸನು ಸ್ವತಃ ಕುದುರೆ ವ್ಯಾಪಾರಿಯಾಗಿದ್ದನೆಂದು ನಂಬಲಾಗಿದೆ. ಅವನ ವೃತ್ತಾಂತವನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಅದರಲ್ಲಿ ಸಾಳುವ ನರಸಿಂಹನನ್ನು ಕುರಿತು ಬರುವ ಒಂದು ಮಾತು ವರ್ತಕನ ಕಣ್ಣಿಗೆ ತಪ್ಪದೆ ಬೀಳುವಂಥದು. ಹೊರ್ಮುಜ್ ಮತ್ತು ಏಡನ್‌ಗಳಿಂದ ಬಂದ ಕುದುರೆಗಳಿಗೆ ಆ ಅರಸನು ವ್ಯಾಪಾರಿಗಳು ಕೇಳಿದಷ್ಟೇ ಹಣ ಕೊಡುತ್ತಿದ್ದನು. ಮೂರು ಕುದುರೆಗೆ ಸಾವಿರ ಪರ್ದಾವ್ ದರ. ನಮ್ಮ ಚಿನ್ನದ ವರಹವನ್ನೇ ಪೋರ್ಚುಗೀಸರು ಪರ್ದಾವ್ ಎಂದು ಕರೆಯುತ್ತಿದ್ದರು. ಕುದುರೆ ಬದುಕಿರಲಿ, ಸತ್ತಿರಲಿ, ದರ ಅದೇ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯೇ ಸಂದಾಯವಾಗುತ್ತಿತ್ತು.

ಇಂದು ಸಾಗಣೆ ವಿಮೆಯ ನಷ್ಟಭರ್ತಿಗಾಗಿ ಕಾಗದಪತ್ರಗಳ ಕಂತೆ ಹೊತ್ತು ತಿಂಗಳುಗಟ್ಟಲೆ ಅಲೆಯುವ ನಮ್ಮ ಸದಸ್ಯರಿಗೆ ಇದು ಕಟ್ಟುಕಥೆಯಂತೆ ತೋರಬಹುದು. ಒಂದು ಬಾಲ, ಮುನ್ನೂರ ಮೂವತ್ಮೂರು ವರಹ! ಯಾವುದೋ ನಾಡಕುದುರೆಯ ಬಾಲವನ್ನು ಅರಬ್ಬೀ ಕುದುರೆಯದೆಂದು ತಂದೊಪ್ಪಿಸುವ ಚಪಲ ಒಬ್ಬ ವ್ಯಾಪಾರಿಗೂ ಬಾರದೆ ಹೋಗಿರಲಾರದು. ಆದರೂ ಅರಸನು ಈ ಏರ್ಪಾಟನ್ನು ಮಾಡಿದನೆಂದರೆ ಅದರ ಹಿಂದೆ ಔದಾರ್ಯಕ್ಕಿಂತ ಗಟ್ಟಿಯಾದ ಲೆಕ್ಕಾಚಾರವೊಂದು ಇರಲೇಬೇಕು.

ಬೇಡಿಕೆಯ ಮೂಲ

ದಖ್ಖನಿನ ಸ್ವದೇಶೀ ಕುದುರೆ ಗಿಡ್ಡ, ಗಟ್ಟಿಮುಟ್ಟು, ಬೆಟ್ಟಗುಡ್ಡಗಳಿಗೆ ಯೋಗ್ಯ. ಕವಚ ತೊಟ್ಟ ಸವಾರನನ್ನು ಹೊತ್ತು ಶತ್ರುವಿನ ಸಾಲಿನ ಮೇಲೆ ನುಗ್ಗಲು ಬೇಕಾದ ಎತ್ತರ ಮತ್ತು ವೇಗ ಅದಕ್ಕಿರಲಿಲ್ಲ. ಇಲ್ಲಿನ ಹವೆಯಾಗಲಿ ಮೇವಾಗಲಿ ಅರಬ್ಬೀ ಕುದುರೆಯ ತಳಿ ಬೆಳೆಸಲು ಒಗ್ಗುತ್ತಿರಲಿಲ್ಲ. ಹಾಗಾಗಿ ರಾಜ್ಯ ಉಳಿಯಬೇಕಾದರೆ ಕುದುರೆ ಬೇಕು, ಕುದುರೆ ಬೇಕಾದರೆ ಸಮುದ್ರ ದಾಟಿ ಬರಬೇಕು. ಒಮ್ಮೆ ಬಂದದ್ದು ಹೆಚ್ಚು ಕಾಲ ಬಾಳುತ್ತಲೂ ಇರಲಿಲ್ಲವಾದುದರಿಂದ ವರ್ಷ ವರ್ಷವೂ ಬರಬೇಕು. ಮಾರುವವನಿಗೆ ಇದಕ್ಕಿಂತ ಒಳ್ಳೆಯ ಮಾರುಕಟ್ಟೆ ಇನ್ನೆಲ್ಲಿ?

ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯ ಪಾಂಡ್ಯ ರಾಜ್ಯವನ್ನು ಕಂಡ ಮಾರ್ಕೊ ಪೋಲೊ ಈ ಮಾರುಕಟ್ಟೆಯ ಒಳಗುಟ್ಟನ್ನು ಹೇಳಿಬಿಟ್ಟಿದ್ದಾನೆ. ಅಲ್ಲಿ ಆಳುತ್ತಿದ್ದ ಸಹೋದರರಲ್ಲಿ ಒಬ್ಬೊಬ್ಬನೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಿದ್ದನು. ಒಂದೊಂದರ ಬೆಲೆ ನೂರು ಮಾರ್ಕ್ ಬೆಳ್ಳಿಗಿಂತ ಅಧಿಕ. ವರ್ಷಾಂತ್ಯಕ್ಕೆ ನೂರು ಕುದುರೆಯೂ ಉಳಿಯುತ್ತಿರಲಿಲ್ಲ. ಬೇಯಿಸಿದ ಮಾಂಸ ಬೆರೆಸಿದ ಅನ್ನವನ್ನು ಕುದುರೆಗೆ ತಿನ್ನಿಸುತ್ತಿದ್ದರು, ಉಪಚಾರ ಬಲ್ಲವರು ಇರಲಿಲ್ಲ. ಉಪಚಾರ ಬಲ್ಲ ಅಶ್ವವೈದ್ಯರನ್ನು ಕುದುರೆ ವ್ಯಾಪಾರಿಗಳು ತಾವೂ ಕರೆತರುತ್ತಿರಲಿಲ್ಲ, ಬೇರೆಯವರು ಬರಲೂ ಬಿಡುತ್ತಿರಲಿಲ್ಲ. ಕುದುರೆ ಸತ್ತಷ್ಟೂ ಮುಂದಿನ ವರ್ಷದ ವ್ಯಾಪಾರ ಭದ್ರವೆಂಬುದು ಅವರ ಎಣಿಕೆಯೆಂದು ಪೋಲೊ ಬರೆಯುತ್ತಾನೆ. ಯಂತ್ರವನ್ನು ಮಾರಿ ದುರಸ್ತಿಯ ವಿದ್ಯೆಯನ್ನು ತನ್ನಲ್ಲೇ ಇಟ್ಟುಕೊಳ್ಳುವ ಇಂದಿನ ಕೆಲವು ವಿದೇಶೀ ಪೂರೈಕೆದಾರರ ನೆನಪು ಇಲ್ಲಿ ಬಾರದಿರದು.

ಪೋಲೊನ ಸಮಕಾಲೀನನಾದ ಪಾರಸೀಕ ಇತಿಹಾಸಕಾರ ವಸ್ಸಾಫ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕರಾರಿನ ಷರತ್ತುಗಳನ್ನೇ ದಾಖಲಿಸಿದ್ದಾನೆ. ಕಿಶ್ ದ್ವೀಪದ ದೊಡ್ಡ ವರ್ತಕ ಜಮಾಲುದ್ದೀನನು ತನ್ನದೇ ತಳಿಯ 1,400 ಕುದುರೆಗಳನ್ನು ವರ್ಷಂಪ್ರತಿ ಪಾಂಡ್ಯ ರಾಜ್ಯಕ್ಕೆ ಕಳುಹಿಸಬೇಕು. ಕೊಲ್ಲಿಯ ಇತರ ಬಂದರುಗಳಿಂದ ಬರುವವು ಸೇರಿ ಒಟ್ಟು 10,000. ಒಂದಕ್ಕೆ 220 ಕೆಂಪು ಚಿನ್ನದ ದಿನಾರ್. ದಾರಿಯಲ್ಲಿ ಸತ್ತ ಕುದುರೆಯ ಬೆಲೆಯನ್ನೂ ರಾಜಭಂಡಾರವೇ ತೆರಬೇಕು. ಸಂಖ್ಯೆಗಳು ಉಬ್ಬಿರಬಹುದು. ಈ ಬರಹಗಾರರಿಗೆಲ್ಲ ಸೊನ್ನೆಗಳ ಮೇಲೆ ಸ್ವಲ್ಪ ಮೋಹವಿತ್ತು. ಆದರೆ ಷರತ್ತು ಉಬ್ಬುವ ವಸ್ತುವಲ್ಲ. ಸಾಳುವ ನರಸಿಂಹನ ಬಾಲದ ಏರ್ಪಾಟು ಅವನೊಬ್ಬನ ವಿಲಕ್ಷಣ ಉದಾರತೆಯಾಗಿರದೆ, ಈ ವ್ಯಾಪಾರದಲ್ಲಿ ಇನ್ನೂರು ವರ್ಷ ಹಿಂದೆಯೇ ತಿಳಿದಿದ್ದ ಪದ್ಧತಿಯಾಗಿತ್ತು ಎಂಬುದು ಇದರಿಂದ ಸ್ಪಷ್ಟ.

ನರಸಿಂಹನು ಅದನ್ನು ಮತ್ತೆ ಹಿಡಿದದ್ದಕ್ಕೆ ತಕ್ಕ ಕಾರಣವಿತ್ತು. ಅವನಿಗಿಂತ ಹಿಂದಿನ ಅರಸನ ಕಾಲದಲ್ಲಿ, ಬಹಮನಿಗಳಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ ಭಟ್ಕಳದ ಮುಸ್ಲಿಂ ವರ್ತಕರನ್ನು ರಾಜಾಜ್ಞೆಯಂತೆ ಕೊಲ್ಲಿಸಲಾಯಿತು, ಉಳಿದವರು ಗೋವೆಗೆ ಓಡಿಹೋದರು ಎಂದು ಪೋರ್ಚುಗೀಸ್ ಇತಿಹಾಸಕಾರ ಬರೋಸ್ ಬರೆದಿದ್ದಾನೆ. 1472ರಲ್ಲಿ ಗೋವೆಯೇ ಬಹಮನಿ ಮಂತ್ರಿ ಮಹಮೂದ್ ಗವಾನನ ವಶವಾಯಿತು. ಹೀಗೆ ಒಂದು ಕಡೆ ಬಂದರು ಕೈತಪ್ಪಿತ್ತು, ಇನ್ನೊಂದು ಕಡೆ ವರ್ತಕರ ವಿಶ್ವಾಸವೂ ಹೋಗಿತ್ತು. ಬಂದರನ್ನು ಸೈನ್ಯದಿಂದ ಗಳಿಸಬಹುದು. ಹೊರ್ಮುಜಿನಲ್ಲಿ ಕುಳಿತ ವ್ಯಾಪಾರಿಯು ಗೋವೆಯನ್ನು ಬಿಟ್ಟು ಭಟ್ಕಳ, ಹೊನ್ನಾವರಗಳತ್ತ ಹಡಗು ತಿರುಗಿಸಬೇಕಾದರೆ ಸೈನ್ಯದಿಂದ ಪ್ರಯೋಜನವಿಲ್ಲ. ಅವನ ದೊಡ್ಡ ಭಯ ಸಮುದ್ರ. ಆ ಭಯವನ್ನೇ ಅರಸನು ಬೆಲೆಕೊಟ್ಟು ಕೊಂಡುಕೊಂಡನು.

ಬೀದರಿನಲ್ಲಿ ಒಂದೇ ಕುದುರೆ

ಇಷ್ಟು ಹೊತ್ತು ಹೇಳಿದ್ದು ಸಾವಿರಗಳ ಲೆಕ್ಕದ ದೊಡ್ಡ ವರ್ತಕರ ವಿಷಯ. ಒಂದೇ ಕುದುರೆಯನ್ನು ನಂಬಿ ಬಂದ ಸಣ್ಣ ವ್ಯಾಪಾರಿಯ ಪಾಡು ಏನಾಗುತ್ತಿತ್ತು? ಅದಕ್ಕೂ ನಮ್ಮಲ್ಲಿ ಸಾಕ್ಷಿಯುಂಟು. ರಷ್ಯಾದ ತ್ವೇರ್ ನಗರದ ಅಫನಾಸಿ ನಿಕಿಟಿನ್ ಹದಿನೈದನೆಯ ಶತಮಾನದ ಅರವತ್ತು–ಎಪ್ಪತ್ತರ ದಶಕಗಳಲ್ಲಿ ಬಹಮನಿ ರಾಜ್ಯಕ್ಕೆ ಬಂದನು. ಹಿಂದೂಸ್ತಾನದಲ್ಲಿ ಕುದುರೆ ಹುಟ್ಟುವುದಿಲ್ಲ, ಒಳ್ಳೆಯ ಬೆಲೆ ಬರುತ್ತದೆ ಎಂಬ ಭರವಸೆಯಿಂದ ನೂರು ರೂಬಲ್ ಖರ್ಚು ಮಾಡಿ ಒಂದು ಗಂಡು ಕುದುರೆಯನ್ನು ಹಡಗಿಗೇರಿಸಿ, ಆರು ವಾರ ಸಮುದ್ರದ ಮೇಲಿದ್ದು, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ಕುದುರೆ ಸಾಯಲಿಲ್ಲ. ಅಲ್ಲಿಗೆ ಅರ್ಧ ಗೆದ್ದಂತೆ.

ಉಳಿದರ್ಧ ನೆಲದ ಮೇಲಿತ್ತು. ಜುನ್ನಾರಿನ ಅಧಿಕಾರಿ ಅಸದ್ ಖಾನನು ಆ ಕುದುರೆಯನ್ನು ಕಿತ್ತುಕೊಂಡು, ನಾಲ್ಕು ದಿನದೊಳಗೆ ಮತಾಂತರವಾದರೆ ಕುದುರೆಯ ಜೊತೆಗೆ ಸಾವಿರ ಹೊನ್ನು ಕೊಡುವೆನೆಂದೂ, ಇಲ್ಲವಾದರೆ ಕುದುರೆಯೂ ಇಲ್ಲ, ಮೇಲೆ ಸಾವಿರ ಹೊನ್ನಿನ ದಂಡವೆಂದೂ ತಿಳಿಸಿದನು. ಖುರಾಸಾನದ ಖೋಜಾ ಮಹಮ್ಮದನೆಂಬ ಗಣ್ಯನೊಬ್ಬ ನಡುವೆ ಬಂದು ಮಾತಾಡಿ ಕುದುರೆಯನ್ನು ಬಿಡಿಸಿಕೊಟ್ಟನು. ಪರದೇಶದ ಮಾರುಕಟ್ಟೆಯಲ್ಲಿ ಪರಿಚಯಸ್ಥನೊಬ್ಬನಿದ್ದರೆ ಆಗುವ ಲಾಭವನ್ನು ಯಾವ ಲೆಕ್ಕಪತ್ರದಲ್ಲೂ ಜಮಾ ಮಾಡಲಾಗದು.

ನಿಕಿಟಿನ್ ಅಲ್ಲಿಂದ ಬೀದರಿಗೆ ಬಂದನು. ಆಗ ಬೀದರು ಬಹಮನಿಗಳ ರಾಜಧಾನಿ. ರಾಜ್ಯಭಾರ ನಡೆಸುತ್ತಿದ್ದವನು ಗೀಲಾನಿನಿಂದ ವರ್ತಕನಾಗಿ ಬಂದಿದ್ದ ಮಹಮೂದ್ ಗವಾನ್. ಅವನ ಬಿರುದು ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ. ಬೀದರಿನಿಂದ ಹನ್ನೆರಡು ಗಾವುದದಷ್ಟು ದೂರದಲ್ಲಿ, ಶೇಖ್ ಅಲಾವುದ್ದೀನರ ನೆನಪಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನದ ಜಾತ್ರೆ ನಡೆಯುತ್ತದೆಂದೂ, ಅಲ್ಲಿಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತವೆಂದೂ, ಹಿಂದೂಸ್ತಾನದಲ್ಲಿ ಅದಕ್ಕಿಂತ ಒಳ್ಳೆಯ ಸಂತೆಯಿಲ್ಲವೆಂದೂ ಅವನು ಬರೆದಿದ್ದಾನೆ. ಅದು ಈಗಿನ ಕಲಬುರಗಿ ಜಿಲ್ಲೆಯ ಆಳಂದ. ಲಾಡ್ಲೆ ಮಶಾಕ್ ದರ್ಗಾಕ್ಕೆ ಇಂದು ಹೋಗಿ ಬರುವವರಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದಿದೆಯೋ!

ನಿಕಿಟಿನನು ತನ್ನ ಕುದುರೆಯನ್ನು ಕೊನೆಗೂ ಬೀದರಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮಾರಿದನು. ಅದನ್ನು ಒಂದು ವರ್ಷ ಸಾಕಬೇಕಾಯಿತೆಂದೂ ಅದಕ್ಕಾಗಿ ಅರವತ್ತೆಂಟು ನಾಣ್ಯ ವೆಚ್ಚವಾಯಿತೆಂದೂ ಗೊಣಗಿಕೊಂಡಿದ್ದಾನೆ. ಇಲ್ಲಿ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಬೆಣ್ಣೆ ಹಾಕಿದ ಕಿಚಡಿ ಬೇಯಿಸಿ ಹಾಕುತ್ತಾರೆ ಎಂದು ಬೇರೆಡೆ ಅವನೇ ಹೇಳುತ್ತಾನೆ. ಮಾರಾಟವಾಗದೆ ನಿಂತ ಸರಕು ದಿನವೂ ಬೆಣ್ಣೆ ತಿನ್ನುವಂಥದಾದರೆ ಮಾಲೀಕನ ಗತಿಯೇನು? ಉಗ್ರಾಣದ ಬಾಡಿಗೆ, ಬಡ್ಡಿ ಎಂದು ನಾವು ಇಂದು ಲೆಕ್ಕ ಹಾಕುವುದು ಇದನ್ನೇ. ಸಿರಿವಂತ ಗಿರಾಕಿಗೆ ಅವಸರವಿರುವುದಿಲ್ಲ. ಹೊಟ್ಟೆಗೆ ಹಾಕಬೇಕಾದವನು ಮಾರುವವನು.

ಕೃಷ್ಣದೇವರಾಯನ ಲೆಕ್ಕ

ಕುದುರೆ ವ್ಯಾಪಾರವನ್ನು ನೀತಿಯಾಗಿ ಬರೆದಿಟ್ಟ ಅರಸನೆಂದರೆ ಕೃಷ್ಣದೇವರಾಯ. ತೆಲುಗಿನಲ್ಲಿ ರಚಿಸಿದ ತನ್ನ ‘ಆಮುಕ್ತಮಾಲ್ಯದ’ ಕಾವ್ಯದ ರಾಜನೀತಿಯ ಭಾಗದಲ್ಲಿ ಅವನು ಈ ವಿಷಯವನ್ನು ಎತ್ತಿಕೊಂಡಿದ್ದಾನೆ. ದೂರದ ದ್ವೀಪಗಳಿಂದ ಆನೆ ಕುದುರೆಗಳನ್ನು ತರುವ ವರ್ತಕರಿಗೆ ಊರುಗಳನ್ನೂ ನಗರದಲ್ಲಿ ಒಳ್ಳೆಯ ಮನೆಗಳನ್ನೂ ಕೊಡಬೇಕು, ದರ್ಶನವಿತ್ತು ಉಡುಗೊರೆ ಕೊಡಬೇಕು, ನ್ಯಾಯವಾದ ಲಾಭ ಸಿಗುವಂತೆ ನೋಡಿಕೊಳ್ಳಬೇಕು, ಆ ಸರಕು ಶತ್ರುವಿನ ಕೈಗೆ ಹೋಗದಿರಲು ಇದೇ ದಾರಿ ಎಂಬುದು ಅವನ ಮಾತಿನ ತಾತ್ಪರ್ಯ. ಹಿಂದೆ ಖಡ್ಗದಿಂದ ಸಾಧಿಸಲು ಹೊರಟದ್ದನ್ನು ಇವನು ಲಾಭಾಂಶದಿಂದ ಸಾಧಿಸಲು ಹೊರಟನು. ಮಾರುವವನಿಗೆ ಲಾಭ ಸಿಗಲೇಬೇಕೆಂದು ಕೊಳ್ಳುವವನೇ ಬರೆದಿಟ್ಟ ದಾಖಲೆ ಲೋಕದಲ್ಲಿ ಹೆಚ್ಚಿರಲಾರದು.

ಆದರೆ ಈ ಲಾಭದ ಹಣ ಬರುತ್ತಿದ್ದುದೆಲ್ಲಿಂದ? ಇಲ್ಲಿ ನ್ಯೂನಿಜ್ ಮತ್ತೆ ನಮ್ಮ ನೆರವಿಗೆ ಬರುತ್ತಾನೆ. ಅವನ ಪ್ರಕಾರ ಅರಸನು ವರ್ಷಕ್ಕೆ ಹೊರ್ಮುಜಿನವು ಹಾಗೂ ನಾಡಕುದುರೆಗಳು ಸೇರಿ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನು. ಉತ್ತಮವಾದವು ಅರಮನೆಯ ಲಾಯಕ್ಕೆ. ಉಳಿದ ನಾಡಕುದುರೆಗಳನ್ನು ಸಾವಿರ ಪರ್ದಾವ್‌ಗೆ ಐದರಂತೆ ನಾಯಕರ ಮೇಲೆ ಹೊರಿಸುತ್ತಿದ್ದನು. ನಾಯಕರು ಆ ಹಣವನ್ನು ಸೆಪ್ಟೆಂಬರ್ ತಿಂಗಳೊಳಗೆ ಕಟ್ಟಲೇಬೇಕು. ಹಾಗೆ ಬಂದ ಹಣದಿಂದಲೇ ಪೋರ್ಚುಗೀಸರಿಂದ ಕೊಂಡ ಅರಬ್ಬೀ ಕುದುರೆಗಳ ಬಾಕಿ ತೀರುತ್ತಿತ್ತು. ಭಂಡಾರದಿಂದ ಒಂದು ಕಾಸೂ ಹೊರಗೆ ಹೋಗುತ್ತಿರಲಿಲ್ಲ.

ಈ ಏರ್ಪಾಟನ್ನು ಎರಡು ಬಾರಿ ಓದಿದರೂ ನಷ್ಟವಿಲ್ಲ. ಹೊರಗಿನವರಿಗೆ ಕಾಣುವುದು ಕೇಳಿದ ಬೆಲೆ ಕೊಡುವ ಉದಾರಿ ಗಿರಾಕಿ. ಒಳಗೆ ನೋಡಿದರೆ ಬೆಲೆ ತೆರುವವರು ನಾಯಕರು, ಅವರ ಹಿಂದೆ ಅವರ ಅಮರಂ ಭೂಮಿಯಲ್ಲಿ ದುಡಿಯುವ ರೈತರು. ವ್ಯಾಪಾರಿಗೆ ತನ್ನ ಹಣ ಸಕಾಲದಲ್ಲಿ ಬಂದರಾಯಿತು, ಅದು ಯಾರ ಜೇಬಿನದೆಂದು ಅವನು ವಿಚಾರಿಸುವವನಲ್ಲ. ಆದರೆ ಆ ನಾಯಕರು ಕಟ್ಟುವುದನ್ನು ನಿಲ್ಲಿಸಿದ ದಿನ ತನ್ನ ಸಿರಿವಂತ ಗಿರಾಕಿಯ ಬಳಿ ಏನೂ ಉಳಿಯದೆಂಬುದನ್ನು ಅವನು ಅರಿತಿರಬೇಕಿತ್ತು.

ಮುಂಗಡ ಹಣದ ಕಥೆಯೊಂದು ಇದೇ ಕಾಲದ್ದು. ಗೋವೆಯಲ್ಲಿ ಕುದುರೆ ಕೊಂಡು ತರಲೆಂದು ಕೃಷ್ಣದೇವರಾಯನು ತನಗೆ ನಂಬಿಕಸ್ಥನಾಗಿದ್ದ ವರ್ತಕನೊಬ್ಬನಿಗೆ ನಲವತ್ತು ಸಾವಿರ ಪರ್ದಾವ್ ಕೊಟ್ಟು ಕಳುಹಿಸಿದನು. ನ್ಯೂನಿಜ್ ಅವನನ್ನು ಸಿದೆ ಮರ್ಕಾರ್ ಎಂದು ಕರೆದಿದ್ದಾನೆ. ಗೋವೆಗೆ ಸಮೀಪದ ಪೊಂಡಾದವರೆಗೆ ಹೋದ ಅವನು ಹಣದೊಂದಿಗೆ ಬಿಜಾಪುರದ ಆದಿಲ್ ಶಾಹನ ಆಶ್ರಯಕ್ಕೆ ಜಾರಿಕೊಂಡನು. ನರಸಿಂಹನ ಕಾಲದ ದರದಲ್ಲಿ ಅದು ಸುಮಾರು ನೂರ ಇಪ್ಪತ್ತು ಕುದುರೆಗಳ ಹಣ. ಹಣವನ್ನೂ ವರ್ತಕನನ್ನೂ ಒಪ್ಪಿಸೆಂದು ಬರೆದ ಓಲೆಗೆ ತೃಪ್ತಿಕರ ಉತ್ತರ ಬರಲಿಲ್ಲ. 1520ರ ರಾಯಚೂರಿನ ಯುದ್ಧಕ್ಕೆ ನ್ಯೂನಿಜ್ ಕೊಡುವ ಕಾರಣ ಇದೇ. ರಾಯಚೂರಿನ ಮೇಲೆ ಅರಸನಿಗೆ ಮೊದಲೇ ಕಣ್ಣಿತ್ತು, ನೂರ ಇಪ್ಪತ್ತು ಕುದುರೆಯ ಬಾಕಿ ನೆಪವಾಯಿತು ಎನ್ನುವುದೇ ಹೆಚ್ಚು ಸರಿಯೆಂದು ನನಗೆ ತೋರುತ್ತದೆ. ಅದು ಹೇಗಿದ್ದರೂ ಬಾಕಿ ವಸೂಲಿಗೆ ಇಷ್ಟು ದೊಡ್ಡ ಸೈನ್ಯ ಹೊರಟ ನಿದರ್ಶನ ವಾಣಿಜ್ಯದ ಇತಿಹಾಸದಲ್ಲಿ ವಿರಳ.

ಗೋವೆಯ ಸುಂಕದಕಟ್ಟೆ

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಕುದುರೆ ಹಡಗುಗಳು ಅಲ್ಲಿಗೇ ಬರಬೇಕೆಂಬ ನಿರ್ಬಂಧ ಹೇರಿದರು. ಅದುವರೆಗೆ ಕೊಳ್ಳುವವರು ಇಬ್ಬರಾಗಿ ಮಾರುವವರು ಹಲವರಾಗಿದ್ದರು. ಈಗ ಮಾರುವವನ ಬಾಗಿಲು ಒಂದೇ ಆಯಿತು. ಸುಂಕದ ವ್ಯವಸ್ಥೆಯಲ್ಲಿ ಅವರು ತೋರಿದ ಜಾಣತನ ಗಮನಾರ್ಹ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕುದುರೆ ತಂದ ಹಡಗಿಗೆ ಬೇರಾವ ಸರಕಿನ ಮೇಲೂ ಸುಂಕವಿಲ್ಲ. ಕುದುರೆಯಿಲ್ಲದೆ ಬಂದರೆ ಸರಕಿಗೆಲ್ಲ ನೂರಕ್ಕೆ ಎಂಟು. ಒಳಬರುವಾಗ ಹೀಗೆ ಆಹ್ವಾನ. ಗೋವೆಯಿಂದ ಒಳನಾಡಿಗೆ ಹೊರಡುವಾಗ ಮಾತ್ರ ಕುದುರೆಯೊಂದಕ್ಕೆ ನಲವತ್ತೆರಡು ವರಹ ಸುಂಕ. ನಮ್ಮ ಕಾಲದಲ್ಲಿ ಜೀವಂತ ಕುದುರೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇಕಡ 12ರಿಂದ 5ಕ್ಕೆ ಇಳಿದಿದೆ ಎಂಬುದನ್ನು ಕುತೂಹಲಕ್ಕಾಗಿ ಇಲ್ಲಿ ನೆನೆಯಬಹುದು.

ಈ ಬಾಗಿಲಿನ ಕೀಲಿ ತಮ್ಮೊಬ್ಬರಿಗೇ ದೊರೆಯಲೆಂದು ವಿಜಯನಗರದವರು 1547ರಲ್ಲಿ ಗೋವೆಯ ಅಧಿಪತಿ ಜೊವಾವೊ ದ ಕಾಸ್ತ್ರೊನೊಡನೆ ಒಪ್ಪಂದ ಮಾಡಿಕೊಂಡರು. ಗೋವೆಗೆ ಬರುವ ಅರಬ್ಬೀ ಮತ್ತು ಪಾರಸೀಕ ಕುದುರೆಗಳೆಲ್ಲ ವಿಜಯನಗರಕ್ಕೇ ಹೋಗಬೇಕು, ಬಿಜಾಪುರಕ್ಕೆ ಒಂದೂ ಹೋಗಕೂಡದು. ಪ್ರತಿಯಾಗಿ ವಿಜಯನಗರವು ಎಲ್ಲವನ್ನೂ ಕೊಳ್ಳಬೇಕು, ಹಣವನ್ನು ಸರಿಯಾಗಿ, ತಡಮಾಡದೆ ಕೊಡಬೇಕು. ಮಾರುವವನು ಹಾಕಿಸಿಕೊಂಡ ಈ ಕೊನೆಯ ಷರತ್ತನ್ನು ಗಮನಿಸಬೇಕು. ಸತ್ತ ಕುದುರೆಗೂ ಬೆಲೆ ಸಿಗುತ್ತಿದ್ದ ಕಾಲದಲ್ಲಿ ಇಂಥದೊಂದನ್ನು ಬರೆಯಿಸಿಕೊಳ್ಳುವ ಅಗತ್ಯ ಯಾರಿಗೂ ಕಂಡಿರಲಾರದು.

ಮುನ್ನೂರು ಕುದುರೆಗಳು

1565ರ ತಾಳಿಕೋಟೆಯ ಕದನದಲ್ಲಿ ರಾಮರಾಯನು ಮಡಿದನು, ರಾಜಧಾನಿ ಲೂಟಿಯಾಯಿತು. ಅವನ ತಮ್ಮ ತಿರುಮಲನು ಹಾಳಾದ ನಗರಕ್ಕೆ ಹಿಂದಿರುಗಿ ರಾಜ್ಯವನ್ನು ಮತ್ತೆ ಕಟ್ಟುವ ಯತ್ನ ಮಾಡಿದನು. ಅವನಿಗೆ ತುರ್ತಾಗಿ ಬೇಕಾಗಿದ್ದುದು ಕುದುರೆ.

ಅವನು ವರ್ತಕರಿಗೆ ಸಾರಿಸಿದ ಸಂದೇಶವನ್ನು ವೆನಿಸ್ಸಿನ ವ್ಯಾಪಾರಿ ಚೆಸರೆ ಫೆದರಿಚಿ ದಾಖಲಿಸಿದ್ದಾನೆ. ಕುದುರೆಗಳನ್ನು ತನ್ನಿ. ಯುದ್ಧದಲ್ಲಿ ಕಳೆದುಹೋದ, ಅರಮನೆಯ ಮುದ್ರೆಯಿರುವ ಕುದುರೆಯಾದರೂ ಚಿಂತೆಯಿಲ್ಲ, ಒಳ್ಳೆಯ ಬೆಲೆ ಸಿಗುತ್ತದೆ, ಬಂದುಹೋಗಲು ಅಭಯವಿದೆ. ಸಂದೇಶ ಬಂದದ್ದು ವಿಜಯನಗರದಿಂದ. ಮೂರು ತಲೆಮಾರುಗಳಿಂದ ಕೇಳಿದ ಬೆಲೆ ಕೊಟ್ಟ ಮನೆ ಅದು. ವ್ಯಾಪಾರಿಗಳು ನಂಬಿದರು. 1567ರಲ್ಲಿ ಫೆದರಿಚಿ ಗೋವೆಯಿಂದ ಹೊರಟಾಗ ಅವನ ಜೊತೆಗಿದ್ದ ಇಬ್ಬರು ವರ್ತಕರು ಮುನ್ನೂರು ಅರಬ್ಬೀ ಕುದುರೆಗಳನ್ನು ಹೊಡೆದುಕೊಂಡು ಘಟ್ಟ ಹತ್ತಿದರು. ಪಾರಸೀಕ ದೇಶದಿಂದ ಹೊರ್ಮುಜಿಗೆ, ಅಲ್ಲಿಂದ ಗೋವೆಗೆ ತರುವ ವೆಚ್ಚವೇ ಬಹಳವಾದುದರಿಂದ ಕುದುರೆಯನ್ನು ಒಳ್ಳೆಯ ಬೆಲೆಗೆ ಮಾರದೆ ವಿಧಿಯಿಲ್ಲವೆಂದು ಅವನು ಹೇಳುತ್ತಾನೆ. ಮುನ್ನೂರರಿಂದ ಐನೂರು ಡುಕಾಟ್, ಕೆಲವಕ್ಕೆ ಸಾವಿರ ಡುಕಾಟ್ ಸಹ ಸಿಗುತ್ತಿತ್ತಂತೆ. ಗೋವೆಯ ಸುಂಕ ಮೊದಲೇ ಕಟ್ಟಿಯಾಗಿತ್ತು. ಮುನ್ನೂರಕ್ಕೆ ತಲಾ ನಲವತ್ತೆರಡರಂತೆ ಹನ್ನೆರಡು ಸಾವಿರದ ಆರುನೂರು ವರಹ.

ಸಾಕಷ್ಟು ಕುದುರೆ ಸೇರಿದುದನ್ನು ಕಂಡ ತಿರುಮಲನು ಅವನ್ನೆಲ್ಲ ಲಾಯಕ್ಕೆ ಸೇರಿಸಿಕೊಂಡು, ಇನ್ನು ಹೊರಡಬಹುದೆಂದು ವ್ಯಾಪಾರಿಗಳಿಗೆ ಅಪ್ಪಣೆ ಕೊಟ್ಟನು. ಹಣವನ್ನು ಮಾತ್ರ ಕೊಡಲಿಲ್ಲ. ಅವರೆಲ್ಲ ದುಃಖದಿಂದ ಹುಚ್ಚರಂತಾದರೆಂದು ಫೆದರಿಚಿ ಬರೆದಿದ್ದಾನೆ.

ತಿರುಮಲನನ್ನು ಮೋಸಗಾರನೆಂದು ಜರೆಯುವುದು ಸುಲಭ. ಆದರೆ ಸೆಪ್ಟೆಂಬರಿನಲ್ಲಿ ಹಣ ಕಟ್ಟುತ್ತಿದ್ದ ನಾಯಕರು ಆ ವೇಳೆಗೆ ತಂತಮ್ಮ ಸೀಮೆಗಳಲ್ಲಿ ಸ್ವತಂತ್ರರಾಗತೊಡಗಿದ್ದರು. ಕೇಳಿದ ಬೆಲೆ ಕೊಡುತ್ತಿದ್ದ ಆ ಭಂಡಾರ ಹಿಂದೆಯೂ ಸ್ವಂತ ಹಣದಿಂದ ಕೊಡುತ್ತಿರಲಿಲ್ಲವೆಂಬುದನ್ನು ನ್ಯೂನಿಜ್ ಮೂವತ್ತು ವರ್ಷ ಮೊದಲೇ ಬರೆದಿದ್ದನು. ಮುನ್ನೂರು ಕುದುರೆಯ ಮಾಲೀಕರು ನೋಡಿದ್ದು ಗಿರಾಕಿಯ ಮನೆತನದ ಹೆಸರನ್ನು. ಹಣ ಹರಿದುಬರುತ್ತಿದ್ದ ಕಾಲುವೆ ಬತ್ತಿದ್ದು ಅವರ ಗಮನಕ್ಕೆ ಬರಲಿಲ್ಲ.

ನಷ್ಟ ಆ ಕೆಲವರಿಗೇ ಮುಗಿಯಲಿಲ್ಲ. ವಿಜಯನಗರದ ಪತನವನ್ನು ಕುರಿತು ಬರೆಯುತ್ತ ಗೋವೆಯ ಇತಿಹಾಸಕಾರ ದಿಯೊಗೊ ದೊ ಕೌಟೊ ಅಲ್ಲಿನ ಸುಂಕದ ಲೆಕ್ಕವನ್ನು ಕೊಟ್ಟಿದ್ದಾನೆ. ಕುದುರೆಗಳಿಂದ ವರ್ಷಕ್ಕೆ 1,20,000ದಿಂದ 1,50,000 ಪರ್ದಾವ್ ವರೆಗೆ ಬರುತ್ತಿದ್ದ ಸುಂಕ ಅವನ ಕಾಲಕ್ಕೆ 6,000ವನ್ನೂ ಮುಟ್ಟುತ್ತಿರಲಿಲ್ಲ.